ಕಲ್ನಾಡಿನಿಂದ ಪಿಂಚಣಿಯವರೆಗೆ: ಸೈನಿಕ ಕುಟುಂಬಗಳ ಲೆಕ್ಕದಲ್ಲಿ ನಾಡಿನ ಬಾಕಿ



ಮಾಜಿ ಸೈನಿಕರ ಕುಟುಂಬಗಳಿಗೆ ಸರ್ಕಾರದ ನೆರವು ಎಂಬುದು ಈ ಉಪನ್ಯಾಸದ ವಿಷಯ. ವಿಷಯಕ್ಕೆ ಇಳಿಯುವ ಮುನ್ನ ಆ ‘ನೆರವು’ ಎಂಬ ಮಾತಿನ ಬಗ್ಗೆಯೇ ನನ್ನದೊಂದು ತಕರಾರಿದೆ. ನೆರವು ಕೊಡುವವರ ಮನಸ್ಸಿಗೆ ಬಿಟ್ಟದ್ದು. ಕೊಟ್ಟರೆ ಕೈಮುಗಿಯಬೇಕು, ಕೊಡದಿದ್ದರೆ ಸುಮ್ಮನಿರಬೇಕು. ಸಾಲದ ಮಾತು ಬೇರೆ. ಸಾಲ ಕೊಟ್ಟವನು ಬಾಗಿಲಿಗೆ ಬಂದು ಕೇಳಬಹುದು, ತಡವಾದರೆ ಗದರಿಸಲೂಬಹುದು. ಸೈನಿಕನ ಮನೆಗೂ ಸರ್ಕಾರಕ್ಕೂ ಇರುವುದು ಈ ಎರಡರಲ್ಲಿ ಯಾವ ಸಂಬಂಧ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ನೆಲವನ್ನು ಮುಂದಿಟ್ಟುಕೊಂಡು ಅದನ್ನು ನೋಡೋಣ ಎಂದುಕೊಂಡಿದ್ದೇನೆ.

ಈ ನಾಲ್ಕು ತಾಲ್ಲೂಕುಗಳನ್ನು ಯಾರೂ ಸೈನಿಕರ ಸೀಮೆ ಎಂದು ಕರೆಯುವುದಿಲ್ಲ. ಆ ಹೆಸರು ಕಾರ್ಯಪ್ಪ, ತಿಮ್ಮಯ್ಯನವರ ಕೊಡಗಿಗೆ ಸಂದಿದೆ, ಸಲ್ಲಬೇಕಾದದ್ದೇ. ನಮ್ಮದು ರೇಷ್ಮೆ, ಹಾಲು, ಟೊಮೆಟೊ, ದ್ರಾಕ್ಷಿಗಳ ಸೀಮೆ. ಆದರೂ ಬೆಂಗಳೂರಿನ ಹಲಸೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ನೆಲೆಯೂರಿ ಎರಡು ಶತಮಾನವಾಗುತ್ತ ಬಂತು. ದಂಡು ಇಲ್ಲಿಂದ ಒಂದೂವರೆ ಗಂಟೆಯ ದಾರಿ. ಮಳೆ ಕೈಕೊಟ್ಟ ವರ್ಷ ಮನೆಯ ಎರಡನೆಯ ಮಗ ಭರ್ತಿಗೆ ಹೋಗಿ ಬರುತ್ತೇನೆ ಎಂದು ಬೆಳಗಿನ ಬಸ್ಸು ಹತ್ತಿದ ಕಥೆ ಇಲ್ಲಿನ ಎಷ್ಟೋ ಮನೆಗಳಲ್ಲಿದೆ. ಕೊಡಗಿನ ಹಾಗೆ ಊರಿಗೆ ಊರೇ ಹೋದದ್ದಲ್ಲ. ಊರಿಗೆ ಒಬ್ಬ, ಹೋಬಳಿಗೆ ಹತ್ತು ಮಂದಿ. ಹೀಗೆ ಚದುರಿ ಹೋದದ್ದರಿಂದ ಅವರ ಹಿಂದೆ ಉಳಿದ ಮನೆಗಳಿಗೆ ಒಟ್ಟು ದನಿ ಇಲ್ಲ. ಗಂಡ ಮಿಲ್ಟ್ರಿಯಲ್ಲಿದ್ದ ಹೆಣ್ಣುಮಗಳು ಊರಿನಲ್ಲಿ ಒಬ್ಬಳೇ ಆಗಿದ್ದರೆ ಯಾವ ಅರ್ಜಿ ಎಲ್ಲಿಗೆ ಎಂದು ಹೇಳಿಕೊಡಲು ಪಕ್ಕದ ಮನೆಯಲ್ಲಿ ಯಾರೂ ಇರುವುದಿಲ್ಲ.

ಇದು ಇಂದಿನ ಸ್ಥಿತಿ. ಹಿಂದೆ ಹೀಗಿರಲಿಲ್ಲ ಎನ್ನುವುದಕ್ಕೆ ಸಾಕ್ಷಿ ನಮ್ಮ ಹೊಲಗಳ ಬದುಗಳಲ್ಲೇ ನಿಂತಿದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟ ಅಂದಿನ ಅವಿಭಜಿತ ಕೋಲಾರ ಜಿಲ್ಲೆಯದು. ಅದರಲ್ಲಿ ಈ ತಾಲ್ಲೂಕುಗಳ ಶಾಸನಗಳನ್ನು ತೆರೆದರೆ ಎರಡು ಬಗೆಯ ದಾಖಲೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು, ಕೆರೆ ಕಟ್ಟಿಸಿದವರಿಗೆ ಬಿಟ್ಟ ಭೂಮಿಯದು. ಇನ್ನೊಂದು, ಹೋರಾಡಿ ಸತ್ತವರಿಗಾಗಿ ಬಿಟ್ಟ ಭೂಮಿಯದು. ಗಂಗರ, ನೊಳಂಬರ ಕಾಲದಲ್ಲಿ ಈ ಸೀಮೆ ಗಡಿನಾಡು. ಊರಿನ ದನಗಳನ್ನು ಅಟ್ಟಿಕೊಂಡು ಹೋಗುವವರನ್ನು ಅಡ್ಡಗಟ್ಟಿದವನು ಒಬ್ಬ, ದೊರೆಯ ದಂಡಿನಲ್ಲಿ ಹೋಗಿ ಬಿದ್ದವನು ಇನ್ನೊಬ್ಬ. ಇಬ್ಬರಿಗೂ ಕಲ್ಲು ನಿಲ್ಲಿಸಿದರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ, ತುದಿಯಲ್ಲಿ ಸೂರ್ಯ ಚಂದ್ರ. ನಾವು ಅದನ್ನು ಶಿಲ್ಪವೆಂದು ನೋಡುತ್ತೇವೆ. ಎಷ್ಟೋ ವೀರಗಲ್ಲುಗಳು ಶಿಲ್ಪದ ಜೊತೆಗೆ ಹಕ್ಕುಪತ್ರಗಳೂ ಹೌದು.

ಆ ಹಕ್ಕುಗಳಿಗೆ ಕನ್ನಡದಲ್ಲಿ ಬೇರೆ ಬೇರೆ ಹೆಸರುಗಳಿದ್ದವು. ಗೆದ್ದು ಬಂದವನ ಕತ್ತಿಯನ್ನು ತೊಳೆದು ಕೊಟ್ಟದ್ದು ಬಾಳ್ಗಳ್ಚು. ಸತ್ತವನಿಗೆ ಕಲ್ಲು ನೆಟ್ಟು ಅವನ ಮನೆಗೆ ಬಿಟ್ಟ ಭೂಮಿ ಕಲ್ನಾಡು. ಸುರಿದ ರಕ್ತಕ್ಕಾಗಿ ಕೊಟ್ಟದ್ದು ನೆತ್ತರುಗೊಡಗಿ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನು ನಾವೆಲ್ಲ ಭಾಷೆಯ ಹೆಮ್ಮೆಯಿಂದ ನೆನೆಯುತ್ತೇವೆ. ಅದರಲ್ಲಿ ಇರುವುದು ಏನು? ಯುದ್ಧದಲ್ಲಿ ಹೋರಾಡಿದ ವಿಜ ಅರಸನಿಗೆ ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಳ್ಚಾಗಿ ಬಿಟ್ಟ ವಿವರ. ಕನ್ನಡ ತನ್ನನ್ನು ತಾನು ಬರೆದುಕೊಂಡ ಅತ್ಯಂತ ಹಳೆಯ ದಾಖಲೆಗಳಲ್ಲಿ ಒಂದು ಇಂದಿನ ಮಾತಿನಲ್ಲಿ ಹೇಳುವುದಾದರೆ ಸೈನಿಕ ಕಲ್ಯಾಣ ಇಲಾಖೆಯ ಆದೇಶ! ನಮ್ಮ ಭಾಷಾಭಿಮಾನದ ಭಾಷಣಗಳಲ್ಲಿ ಈ ಅಂಶ ಯಾಕೋ ಬರುವುದೇ ಇಲ್ಲ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲು, ಸುಮಾರು ಕ್ರಿ.ಶ. 900ರದು, ಇನ್ನೂ ಸ್ಪಷ್ಟವಾಗಿದೆ. ಗಂಗರ ಎರೆಯಪ್ಪನ ಆಳು ನಾಗತ್ತರ ವೀರಮಹೇಂದ್ರನ ಸೈನ್ಯದೊಡನೆ ಕಾದಾಡಿ ತುಂಬೆಪಾಡಿಯಲ್ಲಿ ಸತ್ತ. ದೊರೆ ಏನು ಮಾಡಿದ? ನಾಗತ್ತರನ ಪಟ್ಟವನ್ನು ಇರುಗ ಎಂಬವನಿಗೆ ಕಟ್ಟಿದ, ‘ಬೆಂಪೂರು ಹನ್ನೆರಡು’ ಎಂಬ ಊರುಗಳ ಗುಂಪನ್ನು ಕಲ್ನಾಡಾಗಿ ಕೊಟ್ಟ. ಕೊಟ್ಟ ಊರುಗಳ ಹೆಸರನ್ನು ಒಂದೊಂದಾಗಿ ಕಲ್ಲಿನಲ್ಲಿ ಕೆತ್ತಿಸಿದ. ನನ್ನ ಗಮನ ಇರುವುದು ಆ ಕೆತ್ತನೆಯ ಕ್ರಮದ ಮೇಲೆ. ಕೊಟ್ಟವರು ಯಾರು, ಪಡೆದವರು ಯಾರು, ಏನು ಮಾಡಿದ್ದಕ್ಕೆ, ಎಷ್ಟು, ಎಲ್ಲಿಂದ ಎಲ್ಲಿಯವರೆಗೆ ಎಲ್ಲವೂ ಇದೆ. ಹಲವು ಕಲ್ಲುಗಳಲ್ಲಿ, ಇದನ್ನು ಕಿತ್ತುಕೊಂಡವನಿಗೆ ಹೀಗಾಗಲಿ ಎಂಬ ಶಾಪವೂ ಉಂಟು. ಕಲ್ಲು ಇರುವುದು ಊರಿನಲ್ಲೇ, ನೀರಿಗೆ ಹೋಗುವವರು ದಿನವೂ ನೋಡುವ ಜಾಗದಲ್ಲೇ. ವಾರಸುದಾರ ಅರ್ಜಿ ಹಿಡಿದು ರಾಜಧಾನಿಗೆ ಹೋಗಬೇಕಾಗಿರಲಿಲ್ಲ. ಅವನ ಹಕ್ಕಿಗೆ ಇಡೀ ಊರು ಸಾಕ್ಷಿ.

ಇಷ್ಟು ಹೇಳಿ ಹಳೆಯ ಕಾಲವನ್ನು ಹೊಗಳಿ ಕುಳಿತುಕೊಂಡರೆ ನಾನು ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ವೀರಗಲ್ಲಿನ ಪಕ್ಕದಲ್ಲೇ ಎಷ್ಟೋ ಕಡೆ ಇನ್ನೊಂದು ಕಲ್ಲಿರುತ್ತದೆ. ಕಂಬದಿಂದ ಚಾಚಿದ ಒಂದು ತೋಳು, ಮೊಣಕೈಯಿಂದ ಮೇಲೆದ್ದ ಅಂಗೈ, ಕೈತುಂಬ ಬಳೆ. ಮಾಸ್ತಿಕಲ್ಲು. ಮಗನಿಗೆ ಭೂಮಿ, ಹೆಂಡತಿಗೆ ಬೆಂಕಿ. ಆಮೇಲೆ ಅವಳಿಗೂ ಒಂದು ಕಲ್ಲು. ಸತ್ತವನ ಋಣವನ್ನು ಅಷ್ಟು ಅಚ್ಚುಕಟ್ಟಾಗಿ ತೀರಿಸಿದ ವ್ಯವಸ್ಥೆಗೆ ಉಳಿದವಳು ಒಬ್ಬ ಮನುಷ್ಯಳಾಗಿ ಕಾಣಲಿಲ್ಲ. ಆದ್ದರಿಂದ ಹಿಂದಿನದರಿಂದ ನಾವು ಕಲಿಯಬೇಕಾದದ್ದು ಹಕ್ಕನ್ನು ಬರೆದಿಡುವ ರೀತಿಯನ್ನು ಮಾತ್ರ. ಹಕ್ಕು ಯಾರದು ಎಂಬುದನ್ನು ಅಲ್ಲಿಂದ ಕಲಿಯಲಾಗದು.

ನಡುವಿನ ಶತಮಾನಗಳನ್ನು ಬೇಗ ದಾಟುತ್ತೇನೆ. ಪಾಳೆಯಗಾರರು, ಮೈಸೂರಿನವರು ತಮ್ಮ ಕಾಲಾಳುಗಳಿಗೆ ಜಮೀನು ಬಿಟ್ಟುಕೊಟ್ಟೇ ಸೈನ್ಯ ಸಾಕಿದರು. ಮೈಸೂರಿನ ಕಂದಾಚಾರದವರು ನೇಗಿಲನ್ನೂ ಹಿಡಿದರು, ಕತ್ತಿಯನ್ನೂ ಹಿಡಿದರು. ಮುಂದೆ ಸಂಸ್ಥಾನದ ಪಡೆ ಸಂಬಳದ ಪಡೆಯಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆಪಡೆಗಳಲ್ಲಿ ಮೈಸೂರು ಲಾನ್ಸರ್ಸ್ ಒಂದು. ಸ್ವಾತಂತ್ರ್ಯದ ನಂತರ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ ಆಯಿತು, ಲಾನ್ಸರ್ಸ್‌ ಪಡೆ 61ನೆಯ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ಮೊದಲ ಮಹಾಯುದ್ಧ ಮುಗಿದು ಸಾವಿರಾರು ಸಿಪಾಯಿಗಳು ಊರಿಗೆ ಮರಳಿದಾಗ, 1919ರಲ್ಲಿ, ಬ್ರಿಟಿಷ್ ಸರ್ಕಾರ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಸ್ಥಾಪಿಸಿತು. ಇಂದಿನ ಕೇಂದ್ರೀಯ ಸೈನಿಕ ಮಂಡಳಿಯ ಮೂಲ ಅದು. ರಕ್ಷಣಾ ಸಚಿವರು ಅದರ ಅಧ್ಯಕ್ಷರು. ಅದರ ಕೆಳಗೆ ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ. ಜಿಲ್ಲೆಯ ಮಟ್ಟದ ಮಂಡಳಿಗೆ ಜಿಲ್ಲಾಧಿಕಾರಿಗಳೇ ಮುಖ್ಯಸ್ಥರು.

ಈಗ ಪಿಂಚಣಿಯ ಮಾತು. ಪಿಂಚಣಿ ಧಣಿಯ ಔದಾರ್ಯವೋ ನೌಕರನ ಹಕ್ಕೋ ಎಂಬ ಪ್ರಶ್ನೆಯನ್ನು ನಮ್ಮ ಸುಪ್ರೀಂ ಕೋರ್ಟು 1982ರ ಡಿಸೆಂಬರ್ 17ರಂದು ನಕಾರ ಪ್ರಕರಣದಲ್ಲಿ ಇತ್ಯರ್ಥ ಮಾಡಿತು. ಮಾಡಿದ ಸೇವೆಗೆ ಸಲ್ಲಬೇಕಾದದ್ದು ಅದು, ಭಿಕ್ಷೆಯಲ್ಲ ಎಂಬುದು ಆ ತೀರ್ಪಿನ ತಿರುಳು. ದೇಶದಾದ್ಯಂತ ನಿವೃತ್ತರು ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ಸೈನಿಕರ ಮಟ್ಟಿಗೆ ಇದರ ಮುಂದುವರಿಕೆ ಸಮಾನ ದರ್ಜೆಗೆ ಸಮಾನ ಪಿಂಚಣಿಯ ಹೋರಾಟ. 2014ರ ಜುಲೈ 1ರಿಂದ ಅನ್ವಯವಾಗುವಂತೆ ಅದು ಜಾರಿಗೆ ಬಂತು, ಐದು ವರ್ಷಕ್ಕೊಮ್ಮೆ ಮರುನಿಗದಿ ಎಂದಾಯಿತು. ಜವಾನನಿಗೆ ಪಿಂಚಣಿ ಸಿಗಲು ಕನಿಷ್ಠ 15 ವರ್ಷದ ಸೇವೆ ಬೇಕು. ಇಪ್ಪತ್ತರ ಆಸುಪಾಸಿನಲ್ಲಿ ಸೇರಿದವನು ನಲವತ್ತಕ್ಕೆ ಮೊದಲೇ ಮನೆಗೆ ಬರುತ್ತಾನೆ. ಮಕ್ಕಳು ಇನ್ನೂ ಮಾಧ್ಯಮಿಕ ಶಾಲೆಯಲ್ಲಿರುತ್ತಾರೆ. ಬೇರೆ ಸರ್ಕಾರಿ ನೌಕರ ಅರವತ್ತರವರೆಗೆ ಪಡೆಯುವ ಸಂಬಳದ ಇಪ್ಪತ್ತು ವರ್ಷ ಇವನ ಲೆಕ್ಕದಲ್ಲಿ ಇರುವುದೇ ಇಲ್ಲ. ಸಮಾನ ಪಿಂಚಣಿಯ ಚರ್ಚೆಯಲ್ಲಿ ಈ ಇಪ್ಪತ್ತು ವರ್ಷವನ್ನು ಮರೆತವರೇ ಹೆಚ್ಚು.

ಅವನು ತೀರಿಕೊಂಡ ಮೇಲೆ ಏನು? ಇಲ್ಲಿ ನಮ್ಮ ಕಾನೂನು ಸಾವನ್ನು ದರ್ಜೆಗಳಾಗಿ ವಿಂಗಡಿಸುತ್ತದೆ. ಯುದ್ಧದಲ್ಲೋ ಉಗ್ರರೊಡನೆಯ ಕಾದಾಟದಲ್ಲೋ ಸತ್ತರೆ ಉದಾರೀಕೃತ ಕುಟುಂಬ ಪಿಂಚಣಿ, ಕೊನೆಯ ವೇತನದಷ್ಟೇ ಪೂರ್ತಿ. ಕರ್ತವ್ಯದ ಕಾರಣದಿಂದಲೇ ಉಂಟಾದ ಅಪಘಾತ, ಕಾಯಿಲೆಯಿಂದ ಸತ್ತರೆ ವಿಶೇಷ ಕುಟುಂಬ ಪಿಂಚಣಿ, ಶೇ. 60. ಉಳಿದಂತೆ ಸಾಮಾನ್ಯ ಕುಟುಂಬ ಪಿಂಚಣಿ, ಶೇ. 30. ಸೇವೆಯಲ್ಲಿದ್ದಾಗಲೇ ಹೋದರೆ ಮೊದಲ ಹತ್ತು ವರ್ಷ ಇದು ಶೇ. 50. ನಲವತ್ತು ಸಾವಿರ ಕೊನೆಯ ವೇತನ ಎಂದಿಟ್ಟುಕೊಳ್ಳಿ. ಒಬ್ಬಳಿಗೆ ನಲವತ್ತು, ಇನ್ನೊಬ್ಬಳಿಗೆ ಇಪ್ಪತ್ತನಾಲ್ಕು, ಮತ್ತೊಬ್ಬಳಿಗೆ ಕೊನೆಗೆ ಉಳಿಯುವುದು ಹನ್ನೆರಡು ಸಾವಿರ, ಜೊತೆಗೆ ತುಟ್ಟಿಭತ್ಯೆ. ಇದಲ್ಲದೆ 2016ರ ನಂತರದ ಸಾವುಗಳಿಗೆ ಕೇಂದ್ರದ ಒಂದು ಬಾರಿಯ ಪರಿಹಾರವೂ ಸಂದರ್ಭಕ್ಕೆ ತಕ್ಕಂತೆ 25, 35, 45 ಲಕ್ಷ ಎಂದು ನಿಗದಿಯಾಯಿತು.

ದರ್ಜೆ ತಪ್ಪೆಂದು ನಾನು ಹೇಳುವುದಿಲ್ಲ. ಬಾಳ್ಗಳ್ಚು, ಕಲ್ನಾಡು, ನೆತ್ತರುಗೊಡಗಿ ಎಂದು ಬೇರೆ ಬೇರೆ ಹೆಸರಿಟ್ಟ ಹಿಂದಿನವರೂ ವಿಂಗಡಿಸಿದವರೇ. ಗುಂಡಿಗೆ ಎದೆಯೊಡ್ಡಿದವನ ಮನೆಗೆ ಹೆಚ್ಚು ಸಲ್ಲಬೇಕು ಎನ್ನುವುದರಲ್ಲಿ ನ್ಯಾಯವಿದೆ. ಆದರೆ ವಿಂಗಡಣೆಯ ಗೆರೆಯ ಮೇಲೆ ಬಿದ್ದ ಸಾವುಗಳ ಗತಿ ಏನು ಎಂಬುದು ನನ್ನ ಪ್ರಶ್ನೆ. ಹಿಮದ ಕಾವಲಿನಲ್ಲಿದ್ದವನಿಗೆ ಹೃದಯಾಘಾತವಾದರೆ ಅದು ಕರ್ತವ್ಯದ ಕಾರಣವೋ ಅವನ ದೇಹದ ಕಾರಣವೋ? ರಜೆಯಲ್ಲಿ ಊರಿಗೆ ಬರುವಾಗ ದಾರಿಯಲ್ಲಿ ಅಪಘಾತವಾದರೆ? ಇದನ್ನು ತೀರ್ಮಾನಿಸುವವರು ದೂರದ ವೈದ್ಯಕೀಯ ಮಂಡಳಿಯವರು, ಲೆಕ್ಕಾಧಿಕಾರಿಗಳು. ಅದನ್ನು ಪ್ರಶ್ನಿಸಬೇಕಾದವಳು ಶಿಡ್ಲಘಟ್ಟದ ಹಳ್ಳಿಯೊಂದರ ಮೂವತ್ತು ವರ್ಷದ ಹೆಂಗಸು. ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ವಕೀಲರಿದ್ದಾರೆ, ನಿಜ. ಸಂದೇಹ ಇದ್ದಲ್ಲಿ ಅದರ ಲಾಭ ಆ ಮನೆಗೆ ಸಲ್ಲಲಿ, ಅಲ್ಲವೆಂದು ಸಾಧಿಸುವ ಹೊರೆ ಸರ್ಕಾರದ ಮೇಲಿರಲಿ ಎಂಬುದು ನನ್ನ ವಾದ. ಸಾಲಗಾರನೇ ಸಾಲದ ಮೊತ್ತ ಹೇಳುವುದು, ಸಾಲ ಕೊಟ್ಟವಳು ಅದನ್ನು ಅಲ್ಲಗಳೆಯಲು ಓಡಾಡುವುದು ಯಾವ ಲೇವಾದೇವಿಯ ನ್ಯಾಯ?

ಪಿಂಚಣಿಯೇ ಇಲ್ಲದವರ ಕಡೆಗೆ ಬರೋಣ. ಹದಿನೈದು ವರ್ಷ ತುಂಬುವ ಮೊದಲೇ ಮನೆಗೆ ಬಂದವರು, ಯುದ್ಧಕಾಲದಲ್ಲಿ ಸೇರಿಸಿಕೊಂಡು ಯುದ್ಧ ಮುಗಿದ ಮೇಲೆ ಕಳಿಸಲ್ಪಟ್ಟವರು, ಅವರ ವಿಧವೆಯರು. ಇಂಥವರಲ್ಲಿ ಹವಾಲ್ದಾರ್ ಮತ್ತು ಅದಕ್ಕಿಂತ ಕೆಳದರ್ಜೆಯ, 65 ದಾಟಿದ, ಬೇರೆ ಆದಾಯವಿಲ್ಲದವರಿಗೆ ರಕ್ಷಣಾ ಸಚಿವರ ಮಾಜಿ ಸೈನಿಕರ ಕಲ್ಯಾಣ ನಿಧಿಯಿಂದ ತಿಂಗಳಿಗೆ 4,000 ರೂಪಾಯಿ ಸಿಗುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಇದನ್ನು 8,000ಕ್ಕೆ ಏರಿಸಿದರು. ಇಬ್ಬರು ಮಕ್ಕಳವರೆಗೆ ಓದಿನ ಸಹಾಯ ತಿಂಗಳಿಗೆ 1,000ದಿಂದ 2,000ಕ್ಕೆ, ಮದುವೆಯ ಸಹಾಯ 50,000ದಿಂದ ಒಂದು ಲಕ್ಷಕ್ಕೆ ಏರಿತು. ಸ್ವಾಗತಿಸೋಣ. ಆದರೆ ಈ ದುಡ್ಡಿನ ಮೂಲ ಯಾವುದು ನೋಡಿ. ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ. 1949ರಿಂದ ಪ್ರತಿ ಡಿಸೆಂಬರ್ 7ರಂದು ಶಾಲೆಯ ಮಕ್ಕಳು ಅಂಗಿಗೆ ಪುಟ್ಟ ಧ್ವಜ ಅಂಟಿಸಿ ಹುಂಡಿ ಹಿಡಿದು ಬರುತ್ತಾರಲ್ಲ, ಆ ದುಡ್ಡು. ಜನರ ಪ್ರೀತಿಯ ದುಡ್ಡು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಪಿಂಚಣಿ ಇರುವವನಿಗೆ ಖಜಾನೆಯಿಂದ ಹಕ್ಕಿನ ಹಣ, ಪಿಂಚಣಿಯೂ ಇಲ್ಲದ ಬಡವನಿಗೆ ಹುಂಡಿಯಿಂದ ದಾನದ ಹಣ ಎಂದಾಯಿತು. ಅದೂ ತಾನು ದರಿದ್ರ ಎಂದು ಪ್ರಮಾಣಪತ್ರ ತಂದು ತೋರಿಸಿದ ಮೇಲೆ. ಎಂಟು ಸಾವಿರಕ್ಕಿಂತ ಈ ಪ್ರಮಾಣಪತ್ರ ನನ್ನನ್ನು ಹೆಚ್ಚು ಕಾಡುತ್ತದೆ. ನಾಗತ್ತರನ ಮನೆಯವರು ಬಡವರೋ ಎಂದು ಎರೆಯಪ್ಪ ವಿಚಾರಿಸಿರಲಿಲ್ಲ.

ಸಭಿಕರೇ, ಮೊತ್ತಗಳ ಮಾತನ್ನು ಇಲ್ಲಿಗೆ ಬಿಟ್ಟು ಕಾಗದದ ಕಡೆಗೆ ತಿರುಗುತ್ತೇನೆ, ಯಾಕೆಂದರೆ ನಮ್ಮ ತಾಲ್ಲೂಕುಗಳ ಮನೆಗಳಲ್ಲಿ ತೊಡಕು ಶುರುವಾಗುವುದು ಅಲ್ಲಿ.

ಸೈನಿಕ ಮದುವೆಯಾದರೆ, ಮಗು ಹುಟ್ಟಿದರೆ ತನ್ನ ಘಟಕದ ಕಚೇರಿಗೆ ತಿಳಿಸಬೇಕು. ಅದು ‘ಪಾರ್ಟ್ ಟು ಆರ್ಡರ್’ ಆಗಿ ಪ್ರಕಟವಾಗಿ ಅವನ ದಾಖಲೆಗೆ ಸೇರುತ್ತದೆ. ನಿವೃತ್ತನಾದಾಗ ಡಿಸ್ಚಾರ್ಜ್ ಬುಕ್ಕಿನಲ್ಲಿ, ಪಿಂಚಣಿ ಆದೇಶದಲ್ಲಿ ಹೆಂಡತಿಯ ಹೆಸರು ಅದರಿಂದಲೇ ಬರುತ್ತದೆ. ಈಗ ನಮ್ಮ ಸೀಮೆಯ ಹೆಸರುಗಳನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸೈನ್ಯದ ಕಚೇರಿಯಲ್ಲಿ ಇಂಗ್ಲಿಷು ಹಿಂದಿ. ತವರಿನಲ್ಲಿ ಮುನಿಯಮ್ಮ ಆಗಿದ್ದವಳು ಪಡಿತರ ಚೀಟಿಯಲ್ಲಿ ಮುನಿಲಕ್ಷ್ಮಮ್ಮ, ಆಧಾರ್‌ನಲ್ಲಿ ಮುನಿಲಕ್ಷ್ಮಿ. ಅವಳ ಗಂಡನಿಗೆ ಇನಿಷಿಯಲ್ ಬಿಟ್ಟರೆ ಮನೆತನದ ಹೆಸರೇ ಇಲ್ಲ. ಗುಮಾಸ್ತ ಊರಿನ ಹೆಸರನ್ನೋ ಅಪ್ಪನ ಹೆಸರನ್ನೋ ಸೇರಿಸಿ ಬರೆದುಕೊಂಡಿರುತ್ತಾನೆ. ಹುಟ್ಟಿದ ದಿನ ಕೇಳಿದರೆ ‘ಕೆರೆ ಕೋಡಿ ಬಿದ್ದ ವರ್ಷ’. ಮದುವೆ ನಡೆದದ್ದು ಊರ ಗುಡಿಯಲ್ಲಿ, ನೋಂದಣಿ ಇಲ್ಲ. ಗಂಡ ಇರುವವರೆಗೆ ಇದು ಯಾವುದೂ ತೊಂದರೆಯಲ್ಲ. ಅವನು ಹೋದ ಮರುವಾರ ಮುನಿಯಮ್ಮ, ಮುನಿಲಕ್ಷ್ಮಮ್ಮ, ಮುನಿಲಕ್ಷ್ಮಿ ಈ ಮೂವರೂ ಒಬ್ಬಳೇ ಎಂದು ಅವಳೇ ಸಾಬೀತು ಮಾಡಬೇಕು. ವಂಶವೃಕ್ಷ, ಮರಣ ಪ್ರಮಾಣಪತ್ರ, ಅಫಿಡವಿಟ್, ತಹಸೀಲ್ದಾರರ ಸಹಿ. ನಾಡಕಚೇರಿಯಿಂದ ತಾಲ್ಲೂಕು ಕಚೇರಿ, ಅಲ್ಲಿಂದ ಸೈನ್ಯದ ರೆಕಾರ್ಡ್ ಆಫೀಸು, ಅಲ್ಲಿಂದ ಪಿಂಚಣಿ ಮಂಜೂರು ಮಾಡುವ ಪ್ರಯಾಗರಾಜ್ ಕಚೇರಿ.

ಈಚಿನ ವರ್ಷಗಳಲ್ಲಿ ‘ಸ್ಪರ್ಶ್’ ಎಂಬ ಗಣಕ ವ್ಯವಸ್ಥೆ ಬಂದು ಪಿಂಚಣಿ ನೇರ ಖಾತೆಗೆ ಬೀಳುತ್ತದೆ. ದೊಡ್ಡ ಅನುಕೂಲವೇ. ಆದರೆ ವರ್ಷಕ್ಕೊಮ್ಮೆ ಬದುಕಿದ್ದೇನೆ ಎಂದು ತೋರಿಸಬೇಕು. ಜೀವನ ಪ್ರಮಾಣಕ್ಕೆ ಸಾಮಾನ್ಯವಾಗಿ ಬೆರಳಚ್ಚು ಕೇಳುತ್ತಾರೆ. ಶಿಡ್ಲಘಟ್ಟದಲ್ಲಿ ಕುದಿನೀರಿನ ಬೇಸಿನ್ ಮುಂದೆ ಕುಳಿತು ಗೂಡಿನಿಂದ ನೂಲು ತೆಗೆದ ಕೈಗಳನ್ನು ನೋಡಿದ್ದೀರಾ? ಬೆರಳ ತುದಿಗಳು ಬೆಂದು ಬಿಳಿಚಿ ಸುಕ್ಕಾಗಿ, ವರ್ಷಗಳ ಮೇಲೆ ಗೆರೆಗಳೇ ಸವೆದುಹೋಗಿರುತ್ತವೆ. ಯಂತ್ರದ ಗಾಜಿನ ಮೇಲೆ ಒಂದೊಂದೇ ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಇಡುತ್ತಾಳೆ, ಕೆಂಪು ದೀಪ. ಮುಖ ಗುರುತಿಸುವ ವಿಧಾನ 2021ರಲ್ಲಿ ಬಂತು. ಅದಕ್ಕೆ ಒಳ್ಳೆಯ ಮೊಬೈಲು ಬೇಕು, ತೋರಿಸಿಕೊಡುವ ಮೊಮ್ಮಗ ಬೇಕು. ಅವಳು ಬದುಕಿದ್ದಾಳೆ ಎಂಬುದು ಇಡೀ ಬೀದಿಗೆ ಗೊತ್ತು. ಬೀದಿಯ ಸಾಕ್ಷಿಗೆ ಬೆಲೆ ಇಲ್ಲ.

ವೀರಗಲ್ಲಿನ ಮಾತನ್ನು ನಾನು ಆರಂಭದಲ್ಲಿ ಎತ್ತಿದ್ದು ಇದಕ್ಕಾಗಿ. ಇಂದಿನ ಸವಲತ್ತುಗಳು ಅಂದಿಗಿಂತ ಎಷ್ಟೋ ಮಾನವೀಯ. ವಿಧವೆಗೆ ಹಣ ಅವಳ ಹೆಸರಿನಲ್ಲೇ ಬರುತ್ತದೆ. ಮಗಳಿಗೆ ಹಕ್ಕಿದೆ: ಮದುವೆಯಾಗದ, ವಿಧವೆಯಾದ, ವಿಚ್ಛೇದಿತಳಾದ ಮಗಳಿಗೂ ನಿಯಮಗಳಿಗೆ ಒಳಪಟ್ಟು ಕುಟುಂಬ ಪಿಂಚಣಿ ಉಂಟು. ಪ್ರಧಾನಮಂತ್ರಿ ವಿದ್ಯಾರ್ಥಿವೇತನದಲ್ಲಿ ವೃತ್ತಿಪರ ಓದಿಗೆ ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000. 2003ರಿಂದ ಇಸಿಎಚ್‌ಎಸ್ ವೈದ್ಯಕೀಯ ಯೋಜನೆ ಇದೆ. ಆದರೆ ಹಕ್ಕಿನ ದಾಖಲೆ ಊರನ್ನು ಬಿಟ್ಟು ಹೋಯಿತು. ಊರಿಗೆ ಗೊತ್ತಿಲ್ಲದ ಹಕ್ಕನ್ನು ಊರು ಕಾಯುವುದು ಹೇಗೆ?

ಮರುಮದುವೆಯ ವಿಚಾರದಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಶೌರ್ಯ ಪ್ರಶಸ್ತಿ ಪಡೆದವನ ವಿಧವೆ ಮರುಮದುವೆಯಾದರೆ ಪ್ರಶಸ್ತಿಯ ಮಾಸಿಕ ಭತ್ಯೆ ಮುಂದುವರಿಯಬೇಕಾದರೆ ಅವಳು ಸತ್ತವನ ಅಣ್ಣನನ್ನೋ ತಮ್ಮನನ್ನೋ ಮದುವೆಯಾಗಿರಬೇಕು ಎಂಬ ಷರತ್ತಿತ್ತು. ಸ್ವತಂತ್ರ ಭಾರತದ ಕಡತದಲ್ಲಿ ಮಾಸ್ತಿಕಲ್ಲಿನ ನೆರಳು! ಅದನ್ನು ತೆಗೆದುಹಾಕಿದ್ದು 2017ರ ನವೆಂಬರ್‌ನಲ್ಲಿ. ಕಾನೂನು ಬದಲಾಯಿತು, ನಡುಮನೆಯ ಮಾತು ಇನ್ನೂ ಬದಲಾಗಿಲ್ಲ. ಸೊಸೆಗೆ ದುಡ್ಡು ಬಂತು, ಮಗನನ್ನು ಕಳೆದುಕೊಂಡ ನಮಗೇನು ಎಂದು ಅತ್ತೆ ಮಾವ ಕೇಳುತ್ತಾರೆ. ಆ ಪ್ರಶ್ನೆ ಸುಳ್ಳಲ್ಲ. ಅವರೂ ಅವನ ಮನಿಯಾರ್ಡರಿನ ಮೇಲೆ ಬದುಕಿದವರು. ಒಂದು ಬಾರಿಯ ಪರಿಹಾರದಲ್ಲಿ ತಂದೆತಾಯಿಗೊಂದು ಪಾಲನ್ನು ಮೊದಲೇ ನಿಗದಿ ಮಾಡಿ, ತಿಂಗಳ ಪಿಂಚಣಿಯನ್ನು ಮಾತ್ರ ಪೂರ್ತಿ ವಿಧವೆಗೆ ಬಿಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಇಲ್ಲವಾದರೆ ಸರ್ಕಾರ ಕೊಟ್ಟ ಹಣವೇ ಆ ಮನೆಯನ್ನು ಎರಡು ಮಾಡುತ್ತದೆ.

ಭೂಮಿಯ ವಿಷಯಕ್ಕೆ ಬರೋಣ. ಪಿಂಚಣಿ ಕೇಂದ್ರದ್ದು, ಭೂಮಿ ರಾಜ್ಯದ್ದು. ಕರ್ನಾಟಕ ಭೂ ಮಂಜೂರಾತಿ ನಿಯಮಗಳು, 1969, ಮಾಜಿ ಸೈನಿಕರಿಗೆ ಮತ್ತು ಸೈನಿಕರಿಗೆ ಸರ್ಕಾರಿ ಜಮೀನಿನಲ್ಲಿ ಒಂದು ಪಾಲನ್ನು ಮೀಸಲಿಟ್ಟಿವೆ. ಕಲ್ನಾಡಿನ ನೇರ ವಂಶಸ್ಥ ಎಂದರೆ ಈ ನಿಯಮವೇ. ಆದರೆ ಕೊಡಲು ಜಮೀನು ಎಲ್ಲಿದೆ? ನಮ್ಮ ಊರುಗಳಲ್ಲಿ ಸರ್ಕಾರಿ ಜಮೀನೆಂದರೆ ಬಹುಪಾಲು ಗೋಮಾಳ. ಭೂಕಂದಾಯ ನಿಯಮಗಳ ಪ್ರಕಾರ ಊರಿನ ನೂರು ದನಗಳಿಗೆ 12 ಹೆಕ್ಟೇರಿನಂತೆ, ಅಂದರೆ ಸುಮಾರು ಮೂವತ್ತು ಎಕರೆ, ಗೋಮಾಳ ಉಳಿಸಬೇಕು. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಮಂಜೂರಾತಿಯ ಮಾತು. ಹಾಲಿನ ಡೈರಿಗಳ ಈ ಸೀಮೆಯಲ್ಲಿ ದನಗಳ ಲೆಕ್ಕ ಹಿಡಿದರೆ ಹೆಚ್ಚುವರಿ ಗೋಮಾಳ ಕಾಗದದ ಮೇಲೂ ಉಳಿಯುವುದು ಕಷ್ಟ. ಸಾವಿರ ವರ್ಷದ ಹಿಂದೆ ಊರ ದನಗಳನ್ನು ಉಳಿಸಲು ಹೋಗಿ ಸತ್ತವನ ಮನೆಗೆ ಭೂಮಿ ಸಿಕ್ಕಿತು. ಇಂದು ಊರ ದನಗಳ ಲೆಕ್ಕವೇ ಸೈನಿಕನ ಭೂಮಿಗೆ ಅಡ್ಡ ನಿಂತಿದೆ. ಇದನ್ನು ಯಾರ ತಪ್ಪೆಂದೂ ಹೇಳಲಾರೆ. ದನಕ್ಕೂ ಮೇವು ಬೇಕು.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಉಳಿದದ್ದೂ ಕೈಗೆಟುಕದಾಯಿತು. ನಂದಿಯ ಸುತ್ತ ಎಕರೆಯ ಬೆಲೆ ಕೇಳಿದರೆ ದರಖಾಸ್ತು ಹಾಕಿದವನಿಗೇ ನಗು ಬರುತ್ತದೆ. ಸಿಕ್ಕವರ ಪಾಡೂ ಸರಾಗವಲ್ಲ. ಮಂಜೂರಾತಿ ಪತ್ರ ಟ್ರಂಕಿನಲ್ಲಿದೆ, ಪೋಡಿ ಆಗಿಲ್ಲ, ಪಹಣಿಯಲ್ಲಿ ಹೆಸರು ಕೂತಿಲ್ಲ, ಉಳುಮೆ ಇನ್ನೊಬ್ಬರದು. ಕೊಡಲಾಗದ ಭೂಮಿಯ ಆಸೆ ತೋರಿಸಿ ವಯಸ್ಸಾದವರನ್ನು ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕೂರಿಸುವುದಕ್ಕಿಂತ, ಈ ಜಿಲ್ಲೆಯಲ್ಲಿ ಇಂತಿಷ್ಟೇ ಇದೆ, ಉಳಿದವರಿಗೆ ನಿವೇಶನ ಅಥವಾ ಹಣ ಎಂದು ಒಮ್ಮೆ ನೇರವಾಗಿ ಹೇಳಿಬಿಡುವುದು ಪ್ರಾಮಾಣಿಕತೆ.

ಇನ್ನು ಕಚೇರಿ. ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇಲ್ಲ. ಒಂದು ಕಚೇರಿ ಹಲವು ಜಿಲ್ಲೆಗಳನ್ನು ನೋಡಿಕೊಳ್ಳುತ್ತದೆ. 2007ರಲ್ಲಿ ಕೋಲಾರದಿಂದ ಬೇರೆಯಾದ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ನ್ಯಾಯಾಲಯ, ಜಿಲ್ಲಾಡಳಿತ ಭವನ, ವೈದ್ಯಕೀಯ ಕಾಲೇಜು ಬಂದವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ, ಸೈನಿಕ ಕಲ್ಯಾಣ ಕಚೇರಿಯ ಕೆಲಸಕ್ಕೆ ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗಲು ಟಿಕೆಟ್ಟಿನ ಖರ್ಚಿಲ್ಲ ಎನ್ನಬಹುದು. ಆದರೆ ಆ ದಿನದ ಕೂಲಿ? ಹಿಪ್ಪುನೇರಳೆ ಸೊಪ್ಪಿಗಾಗಿ ಕಾಯುತ್ತಿರುವ ಹುಳು? ನಾಲ್ಕನೆಯ ಜ್ವರದಿಂದ ಎದ್ದ ಹುಳುವನ್ನು ಬಿಟ್ಟು ಬೆಂಗಳೂರಿಗೆ ಹೋಗಿ ಎಂದು ರೇಷ್ಮೆ ಸಾಕಿದ ಹೆಂಗಸಿಗೆ ಹೇಳಿ ನೋಡಿ.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ದಫ್ತರು. ತನ್ನ ವ್ಯಾಪ್ತಿಯ ಸೇವಾನಿರತರು, ನಿವೃತ್ತರು, ತೀರಿಹೋದವರು, ಅವರ ಹೆಂಡತಿ ಮಕ್ಕಳ ಹೆಸರು ಎಲ್ಲ ದಾಖಲೆಗಳಲ್ಲೂ ಒಂದೇ ಇದೆಯೇ, ಯಾವ ಸವಲತ್ತು ಬಂದಿದೆ, ಯಾವುದು ಬಾಕಿ ಎಂಬುದು ಅದರಲ್ಲಿರಲಿ. ಮನೆಮಂದಿ ಒಪ್ಪಿದಷ್ಟನ್ನು ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆ ಓದಲಿ. ಗಂಡ ಬದುಕಿದ್ದು ಸೇವೆಯಲ್ಲಿರುವಾಗಲೇ ಹೆಸರಿನ ವ್ಯತ್ಯಾಸ ಸರಿಮಾಡಿಸಿದರೆ ಒಂದು ಅರ್ಜಿ ಸಾಕು. ಸತ್ತ ಮೇಲೆ ಹತ್ತು ಬೇಕು. ಇಲಾಖೆಯ ಅಧಿಕಾರಿ ತಿಂಗಳಿಗೊಂದು ದಿನ ಸರದಿಯಂತೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಕೂರಲಿ. ಬೆರಳಚ್ಚು ಬೀಳದವಳ ಮನೆಗೆ ಅಂಚೆಯಣ್ಣನೋ ಗ್ರಾಮ ಆಡಳಿತಾಧಿಕಾರಿಯೋ ಹೋಗಿ ಬದುಕಿದ್ದಾಳೆಂದು ಬರೆದುಕೊಂಡು ಬರಲಿ. ಜಿಲ್ಲಾಧಿಕಾರಿಗಳೇ ಮಂಡಳಿಯ ಮುಖ್ಯಸ್ಥರಾಗಿರುವಾಗ ಇದಕ್ಕೆ ಹೊಸ ಕಾನೂನು ಬೇಕಿಲ್ಲ.

ಕೊನೆಯದಾಗಿ ಬರಲಿರುವವರ ವಿಷಯ. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಪ್ರಕಟವಾಯಿತು. ನಾಲ್ಕು ವರ್ಷದ ಸೇವೆ, ಆಮೇಲೆ ನೂರರಲ್ಲಿ ಇಪ್ಪತ್ತೈದು ಮಂದಿಯವರೆಗೆ ಮುಂದುವರಿಕೆ. ಉಳಿದವರಿಗೆ ಸುಮಾರು 11.71 ಲಕ್ಷದ ಸೇವಾನಿಧಿ. ಅದರಲ್ಲಿ ಅರ್ಧ ಅವರದೇ ಸಂಬಳದಿಂದ ಹಿಡಿದದ್ದು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಸೇವೆಯಲ್ಲಿ ಸತ್ತರೆ 48 ಲಕ್ಷದ ವಿಮೆ ಉಂಟು, ಕರ್ತವ್ಯದ ಕಾರಣದ ಸಾವಾದರೆ ಜೊತೆಗೆ 44 ಲಕ್ಷ. ತಿಂಗಳ ಕುಟುಂಬ ಪಿಂಚಣಿ ಇಲ್ಲ. ಈ ಯೋಜನೆಯ ಸೈನಿಕ ಅಗತ್ಯದ ಬಗ್ಗೆ ತಜ್ಞರು ವಾದಿಸಲಿ. ನನ್ನ ಆಸಕ್ತಿ ಅವನು ಊರಿಗೆ ಇಳಿಯುವ ದಿನದಲ್ಲಿದೆ. 2022ರ ಕೊನೆ, 2023ರ ಆರಂಭದಲ್ಲಿ ತರಬೇತಿಗೆ ಸೇರಿದ ಮೊದಲ ತಂಡದ ನಾಲ್ಕು ವರ್ಷ ಮುಗಿಯುವುದು 2026ರ ಕೊನೆ, 2027ರ ಆರಂಭಕ್ಕೆ. ಇಪ್ಪತ್ತೆರಡು, ಇಪ್ಪತ್ಮೂರು ವರ್ಷದ ಹುಡುಗರು ಚಿಂತಾಮಣಿಯ ಬಸ್ ನಿಲ್ದಾಣದಲ್ಲಿ, ಗೌರಿಬಿದನೂರಿನ ರೈಲು ನಿಲ್ದಾಣದಲ್ಲಿ ಕಬ್ಬಿಣದ ಪೆಟ್ಟಿಗೆ ಇಳಿಸುತ್ತಾರೆ. ನಿಯಮದ ಪ್ರಕಾರ ಅವರಿಗೆ ಮಾಜಿ ಸೈನಿಕ ಎಂಬ ಸ್ಥಾನವಿಲ್ಲ. ತಾಲ್ಲೂಕು ಕಚೇರಿಯ ನಮೂನೆಯಲ್ಲಿ ‘ಮಾಜಿ ಸೈನಿಕರೇ? ಹೌದು / ಇಲ್ಲ’ ಎಂಬ ಕಲಮಿನ ಮುಂದೆ ಅವನು ‘ಇಲ್ಲ’ ಎಂದು ಬರೆಯಬೇಕು.